ನಾಲ್ಕು ನಿಮಿಷದ ಹಾಡಿಗೆ ಹದಿನಾರು ತಿಂಗಳು

2025ರ ಸೆಪ್ಟೆಂಬರ್ ಕೊನೆಯಲ್ಲಿ, ದಸರಾ ಗದ್ದಲದ ನಡುವೆ, ನಮ್ಮ ಬ್ಯಾಂಡಿನ ಮೊದಲ ಹಾಡು ಹೊರಬಂತು. ಹಾಡು ನಾಲ್ಕು ನಿಮಿಷ ಚಿಲ್ಲರೆ ಇದೆ. ಹಿಡಿದದ್ದು ಹದಿನಾರು ತಿಂಗಳು. ಅದರಲ್ಲಿ ಟ್ಯೂನ್ ಕಟ್ಟಲು ಹೋಗಿದ್ದು ಬರೀ ಎರಡು ಸಂಜೆ. ಮಿಕ್ಕ ಕಾಲವೆಲ್ಲ ಎಲ್ಲಿ ಹೋಯಿತು ಅಂತ ಬರೆದಿಡೋಣ ಅನ್ನಿಸಿತು. ಶುರು ಮಾಡುವಾಗ ನಾನೂ ಇಂಥದ್ದೇ ಒಂದು ಬರಹ ಹುಡುಕಿದ್ದೆ, ಸಿಕ್ಕಿದ್ದೆಲ್ಲ ಇಂಗ್ಲಿಷಿನಲ್ಲಿ, ಅದೂ ಡಾಲರ್ ಲೆಕ್ಕದಲ್ಲಿ. ಬ್ಯಾಂಡಿನ ಹೆಸರು ಹೇಳುವುದಿಲ್ಲ. ಇದು ಜಾಹೀರಾತಲ್ಲ, ಜೊತೆಗೆ ಕೆಲವು ಮಾತು ನಮ್ಮವರಿಗೇ ಮುಜುಗರ ಆಗುವಂಥವು.

2024ರ ಜೂನ್. ಶುರು ಮಾಡಿದ್ದು ಐದು ಜನ. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಕೆಲಸ ಮಾಡುತ್ತೇನೆ, ಬೇಸ್ ಗಿಟಾರ್ ನುಡಿಸುತ್ತೇನೆ. ಗಿಟಾರಿನವನು ಪಿಯುಸಿಯಿಂದ ಗೆಳೆಯ. ಡ್ರಮ್ಮರ್ ಮದುವೆ ಬ್ಯಾಂಡ್‌ಸೆಟ್ ಮನೆತನದವನು, ಅವನ ಅಪ್ಪ ಈಗಲೂ ಲಗ್ನದ ಸೀಸನ್ನಿನಲ್ಲಿ ಕೆಂಪು ಕೋಟು ಹಾಕಿಕೊಂಡು ಸೈಡ್ ಡ್ರಮ್ ಹೊಡೆಯುತ್ತಾರೆ. ಹಾಡುವವಳು ಮಂಡ್ಯದವಳು, ದಿನಾ ಟ್ರೈನಿನಲ್ಲಿ ಮೈಸೂರಿಗೆ ಕೆಲಸಕ್ಕೆ ಬಂದು ಹೋಗುತ್ತಾಳೆ. ಐದನೆಯವನು ಕೀಬೋರ್ಡ್. ಅವನ ವಿಷಯ ಆಮೇಲೆ ದೊಡ್ಡದಾಗಿ ಬರುತ್ತದೆ, ಈಗ ಇಷ್ಟು ಸಾಕು.

"ಮೈಸೂರಲ್ಲಿ ರಾಕ್ ಯಾರಪ್ಪ ಕೇಳ್ತಾರೆ?" ಅಂತ ಕೇಳದವರಿಲ್ಲ. ಬೆಂಗಳೂರಿನವರು ಕೇಳಿದರೆ ಹೋಗಲಿ ಅನ್ನಬಹುದು, ನಮ್ಮ ಊರಿನವರೇ ಕೇಳುತ್ತಾರೆ. ರಘು ದೀಕ್ಷಿತ್ ಇದೇ ಊರಲ್ಲಿ ಬೆಳೆದು, ಷರೀಫರ ಪದಗಳನ್ನು ಗಿಟಾರಿಗೆ ಕೂರಿಸಿ ದೇಶ ವಿದೇಶ ಸುತ್ತಿದವರು. ಅದಕ್ಕೂ ಹಿಂದೆ ಹೋದರೆ, ಮೆಡ್ಟ್‌ನರ್ ಎಂಬ ರಷ್ಯನ್ ಸಂಗೀತಗಾರನ ಕೃತಿಗಳು 1940ರ ದಶಕದಲ್ಲಿ ಲಂಡನ್ನಿನಲ್ಲಿ ರೆಕಾರ್ಡ್ ಆಗಲು ದುಡ್ಡು ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಅಂದರೆ ಯಾರದೋ ರೆಕಾರ್ಡಿಂಗಿಗೆ ಮೈಸೂರಿಂದ ದುಡ್ಡು ಹೋದ ಕಾಲ ಒಂದಿತ್ತು. ನಮ್ಮ ರೆಕಾರ್ಡಿಂಗಿಗೆ ಬರಬೇಕಾದ ಮಹಾರಾಜರು ಮಾತ್ರ ಯಾರೂ ಇರಲಿಲ್ಲ.

ಮೊದಲ ಎರಡು ತಿಂಗಳು ಪ್ರಾಕ್ಟೀಸ್ ಮಾಡಿದ್ದು ಅಗ್ರಹಾರದಲ್ಲಿ, ಗಿಟಾರಿನವನ ಮನೆಯ ಮಹಡಿ ರೂಮಿನಲ್ಲಿ. ಹಳೇ ಮನೆ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದೆವು. ಇದನ್ನು ಮಾಡಬೇಡಿ. ಮೊಟ್ಟೆ ಟ್ರೇ ರೂಮಿನ ಒಳಗಿನ ಕಿರ್ ಅನ್ನುವ ಸದ್ದನ್ನು ಚೂರು ಕಡಿಮೆ ಮಾಡಬಹುದು, ಹೊರಗೆ ಹೋಗುವ ಸದ್ದನ್ನು ಅದು ತಡೆಯುವುದೇ ಇಲ್ಲ. ಡ್ರಮ್ಮಿನ ಸದ್ದು ಹೋಗುವುದು ನೆಲದಿಂದ, ಕಿಟಕಿ ಸಂದಿನಿಂದ. ಪಕ್ಕದ ಮನೆ ಅಜ್ಜಿ ಒಂದು ದಿನ ಮೆಟ್ಟಿಲು ಹತ್ತಿ ಬಂದರು. ಬೈಯುತ್ತಾರೆ ಅಂದುಕೊಂಡರೆ, "ಏನಪ್ಪಾ, ದಿನಾ ಸಂಜೆ ಮಿಕ್ಸಿ ಕೆಟ್ಟುಹೋಗತ್ತಾ ನಿಮ್ಮನೇಲಿ?" ಅಂತ ಕೇಳಿದರು. ಅವರು ಹೇಳಿದ್ದು ನನ್ನ ಬೇಸಿನ ಬಗ್ಗೆ.

ಅಜ್ಜಿ ಹೇಳಿದ್ದರಲ್ಲಿ ನಿಜ ಇತ್ತು. ಆ ರೂಮಿನಲ್ಲಿ ಗಿಟಾರಿನ ಆಂಪ್ಲಿಫೈಯರ್ ಆನ್ ಮಾಡಿದರೆ ಸಾಕು, ನುಡಿಸದಿದ್ದರೂ ಒಂದು "ಮ್ಮ್ಮ್" ಸದ್ದು. ರಾಕ್ ಅಲ್ವಾ, ಇರಲಿ ಬಿಡು ಅಂತ ಸುಮ್ಮನಿದ್ದೆವು. ಹಾಡುವವಳು ಒಂದು ದಿನ, "ನಿನ್ನ ಶ್ರುತಿ ಅಲ್ಲಾಡ್ತಿದೆ ಕಣೋ" ಅಂದಳು. ಟ್ಯೂನರ್ ನೋಡಿದರೆ ಸರಿಯಾಗೇ ಇದೆ. ಅವಳು ಹಾಡುವುದು ಐದು ಮನೆ ಶ್ರುತಿ, ಅಂದರೆ ಜಿ. ನಮ್ಮ ಹಾಡೂ ಜಿ. ನನ್ನ ಬೇಸಿನ ಕೊನೇ ತಂತಿ ಖಾಲಿ ಮೀಟಿದರೆ ಬರುವ ಜಿ 98 ಹರ್ಟ್ಜ್. ನಮ್ಮ ಕರೆಂಟು 50 ಹರ್ಟ್ಜ್, ಅದರ ಗುಂಯ್‌ಗುಡುವಿಕೆಯಲ್ಲಿ 100 ಕೂಡ ಜೋರಾಗೇ ಇರುತ್ತದೆ. 98ಕ್ಕೂ 100ಕ್ಕೂ ಜಗಳ ಬಿದ್ದು ಸೆಕೆಂಡಿಗೆ ಎರಡು ಸಲ ಸದ್ದು ಉಬ್ಬಿ ಇಳಿಯುತ್ತಿತ್ತು, ವಾಂವ್ ವಾಂವ್ ವಾಂವ್ ಅಂತ. ಅವಳ ಕಿವಿಗೆ ಬಿದ್ದಿದ್ದು ಅದು. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಆ ರೂಮಿನ ಪ್ಲಗ್ ಪಾಯಿಂಟಿಗೆ ಅರ್ತ್ ವೈರೇ ಇಲ್ಲ. ಕೆಳಗೆ ಅಡುಗೆಮನೆಯಿಂದ ಎಳೆದುಕೊಟ್ಟ, ಸದ್ದು ಮುಕ್ಕಾಲು ಪಾಲು ಹೋಯಿತು. ಹಳೇ ಮನೆಯಲ್ಲಿ ನುಡಿಸುವವರು ಮೊದಲು ಅರ್ತ್ ನೋಡಿಸಿ. ಸದ್ದು ಹೋಗುತ್ತೆ, ಪ್ಲಗ್ಗಿನ ಮೂರನೇ ಪಿನ್ ಕಿತ್ತುಹಾಕಿ ಅಂತ ಯಾರಾದರೂ ಬುದ್ಧಿ ಹೇಳಿದರೆ ಕೇಳಲೇಬೇಡಿ. ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ಕೊಡುವ ಕೆಲಸ ನಮ್ಮದು, ಶಾಕ್ ಹೊಡೆದರೆ ಹೋಗುವುದು ಜೀವ.

ಅಜ್ಜಿಯ ಮೇಲಿನ ಗೌರವಕ್ಕೆ ಆಗಸ್ಟಿನಿಂದ ಜ್ಯಾಮ್ ರೂಮಿಗೆ, ಅಂದರೆ ಬಾಡಿಗೆಯ ಪ್ರಾಕ್ಟೀಸ್ ರೂಮಿಗೆ ಹೋದೆವು. ಗಂಟೆಗೆ 350 ರೂಪಾಯಿ. ವಾರಕ್ಕೊಂದು ಸಲ, ಎರಡು ಗಂಟೆ. ಹಾಡುವವಳು ವಾಪಸ್ ಟ್ರೈನ್ ಹಿಡಿಯಬೇಕು, ಆದ್ದರಿಂದ ಎರಡು ಗಂಟೆ ಅಂದರೆ ಎರಡೇ ಗಂಟೆ. ಇದರಿಂದ ಒಳ್ಳೆಯದೇ ಆಯಿತು, ಮನೆಯಲ್ಲಾಗಿದ್ದರೆ ಒಂದು ಗಂಟೆ ನುಡಿಸಿ ಮೂರು ಗಂಟೆ ಹರಟುತ್ತಿದ್ದೆವು.

ಸ್ವಂತ ಹಾಡು ಮಾಡೋಣ ಅಂತ ಮಾತು ಬಂದಾಗ ಮೊದಲು ಕೈ ಹಾಕಿದ್ದು ಒಬ್ಬ ದೊಡ್ಡ ಕವಿಯ ಕವಿತೆಗೆ. ಟ್ಯೂನೂ ಅರ್ಧ ಆಗಿತ್ತು. ಆಗ ಗಿಟಾರಿನವನ ಅಕ್ಕ, ಅವರು ವಕೀಲರು, ಒಂದೇ ಪ್ರಶ್ನೆ ಕೇಳಿದರು: "ಕವಿ ತೀರಿಕೊಂಡು ಎಷ್ಟು ವರ್ಷ ಆಯ್ತು?" ನಮ್ಮ ದೇಶದಲ್ಲಿ ಬರೆದವರು ಹೋದ ಮೇಲೂ 60 ವರ್ಷ ಹಕ್ಕು ಅವರ ವಾರಸುದಾರರ ಕೈಯಲ್ಲಿರುತ್ತದೆ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಕೇಳಿಯೇ ಬಳಸಬೇಕು. ಕುವೆಂಪು ಹೋಗಿದ್ದು 1994ರಲ್ಲಿ, ಲೆಕ್ಕ ನೀವೇ ಹಾಕಿ. ಷರೀಫರು ಹೋಗಿದ್ದು 1889ರಲ್ಲಿ. ಕನ್ನಡದ ಬ್ಯಾಂಡುಗಳೆಲ್ಲ ಷರೀಫರನ್ನು ಹಿಡಿಯುವುದಕ್ಕೆ ಪ್ರೀತಿ ಒಂದು ಕಾರಣ, ಇದೂ ಒಂದು ಕಾರಣ ಅಂತ ನನಗೆ ಅವತ್ತು ಗೊತ್ತಾಯಿತು. ನಾವು ಕೈ ಹಾಕಿದ್ದ ಕವಿತೆಯ ಹಕ್ಕು ಯಾರ ಹತ್ತಿರ ಇದೆ ಅಂತ ತಿಳಿಯಲು ಪ್ರಕಾಶಕರಿಗೆ ಎರಡು ಪತ್ರ ಬರೆದೆವು. ಉತ್ತರ ಬರಲಿಲ್ಲ. ಐದು ವಾರ ಕಾದು ಕೈಬಿಟ್ಟೆವು.

ಅಕ್ಟೋಬರಿನಲ್ಲಿ, ದಸರಾ ರಜೆಯ ಎರಡು ಸಂಜೆ, ಕೀಬೋರ್ಡಿನವನು ಸುಮ್ನೆ ಬೆರಳಾಡಿಸುತ್ತಾ ಒಂದು ತುಣುಕು ನುಡಿಸಿದ. ಏಳು ಸ್ವರ ಅಷ್ಟೇ. ಗಿಟಾರಿನವನು ಅದನ್ನೇ ಎತ್ತಿಕೊಂಡ. ಹಾಡುವವಳು ಮಾತು ಬರೆದಳು, ಬೆಳಗಿನ ಟ್ರೈನು, ಕಬ್ಬಿನ ಗದ್ದೆ, ಕಿಟಕಿ ಸೀಟಿಗೆ ಜಗಳ, ಅಂಥದ್ದು. ಕೊನೆಗೆ ಮಾದಪ್ಪನ (ಮಲೆ ಮಹದೇಶ್ವರನ) ಪದದ ಒಂದು ಸಾಲು ಸೇರಿಸಿದಳು, ಅವಳ ಸೋದರಮಾವ ಹಾಡುತ್ತಿದ್ದದ್ದು. ಮಾವ ಮಳವಳ್ಳಿ ಕಡೆ ಹಳ್ಳಿಯವರು, ದೇವರಗುಡ್ಡರು. ಮಾದಪ್ಪನ ಹೆಸರಲ್ಲಿ ದೀಕ್ಷೆ ತೆಗೆದುಕೊಂಡು ಕಂಸಾಳೆ ಹಿಡಿದವರು. "ಆ ಸಾಲಿಗೆ ಮಾವನ್ನೇ ಕರೆಸೋಣ" ಅಂದಳು. ನಾವು ಹೂಂ ಅಂದೆವು, ಏನಾಗುತ್ತೆ ಅಂತ ಗೊತ್ತಿಲ್ಲದೆ.

ಮೊದಲ ದಿನ ಆಗಿದ್ದು ಗಲಾಟೆ. ಕಂಸಾಳೆ ನೋಡದವರಿಗೆ: ಎಡಗೈಯಲ್ಲಿ ಬಟ್ಟಲಿನಂಥ ಆಳದ ಕಂಚು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಒಂದಕ್ಕೊಂದು ತಾಗಿಸಿದರೆ ಝಣ್ ಅಂತ ತಲೆಯೊಳಗೆ ಹೋಗಿ ಕೂರುತ್ತದೆ. ಡ್ರಮ್ಮಿನ ಹೈಹ್ಯಾಟ್, ಅಂದರೆ ಸ್ಟ್ಯಾಂಡಿನ ಮೇಲಿನ ಜೋಡಿ ತಾಳ, ಇರುವುದೂ ಅದೇ ಜಾಗದಲ್ಲಿ, ಮೇಲಿನ ಸದ್ದಿನಲ್ಲಿ. ಎರಡೂ ಸೇರಿದರೆ ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದ ಹಾಗೆ. ಮಾವನಿಗೆ ಮೆಲ್ಲಗೆ ಹೊಡೀರಿ ಅನ್ನುವ ಧೈರ್ಯ ಯಾರಿಗಿದೆ? ಮೂರು ವಾರ ಏನೇನೋ ಮಾಡಿದೆವು. ಮೈಕ್ ದೂರ ಇಟ್ಟೆವು, ಹೈಹ್ಯಾಟಿಗೆ ಟವೆಲ್ ಹೊದಿಸಿದೆವು. ಕೊನೆಗೆ ಡ್ರಮ್ಮರ್ ಎದ್ದು ಹೈಹ್ಯಾಟ್ ಸ್ಟ್ಯಾಂಡನ್ನೇ ಎತ್ತಿ ಮೂಲೆಗಿಟ್ಟ. "ಮೇಲಿನದ್ದು ಮಾವ ನೋಡ್ಕೊಳ್ಳಲಿ, ಕೆಳಗಿನದ್ದು ನಾನು" ಅಂದ. ಬರೀ ಕಾಲಲ್ಲಿ ತುಳಿಯುವ ಕಿಕ್ ಡ್ರಮ್, ದಪ್ಪ ಸದ್ದಿನ ಫ್ಲೋರ್ ಟಾಮ್, ಆಗಾಗ ಚುರುಕು ಸದ್ದಿನ ಸ್ನೇರ್. ಅಪ್ಪನ ಬ್ಯಾಂಡ್‌ಸೆಟ್ಟಿನ ಕೈ ಅಲ್ವಾ, ಟಾಮ್ ಮೇಲೆ ಅವನು ಉರುಳಿಸಿದ್ದು ಮೆರವಣಿಗೆಯ ಹಾಗೇ ಕೇಳಿಸಿತು. ಅದರ ಮೇಲೆ ಡಿಸ್ಟಾರ್ಷನ್ ಹಾಕಿದ ಗಿಟಾರು, ಮಧ್ಯ ನನ್ನ ಬೇಸು, ಎಲ್ಲದರ ತಲೆ ಮೇಲೆ ಕಂಚು. ಆ ಸಂಜೆ ಫೋನಿನಲ್ಲಿ ಹಿಡಿದದ್ದನ್ನು ಆಟೋದಲ್ಲಿ ಕೇಳಿಕೊಂಡು ಹೋಗುವಾಗ ಡ್ರೈವರ್ ತಿರುಗಿ, "ಯಾವುದ್ ಸಾರ್ ಇದು?" ಅಂದರು. ಬೇರೆ ಯಾರ ಥರಾನೂ ಇಲ್ಲದ ಸೌಂಡ್ ಬಂದಿದ್ದು ಹೀಗೆ, ಒಂದು ಸ್ಟ್ಯಾಂಡ್ ಮೂಲೆಗೆ ಹೋಗಿದ್ದರಿಂದ.

ದುಡ್ಡಿನ ವಿಷಯ. 2025ರ ಜನವರಿಯಲ್ಲಿ ಒಂದು ಕಂಪನಿಯ ವಾರ್ಷಿಕೋತ್ಸವಕ್ಕೆ ಸಿನಿಮಾ ಹಾಡು ನುಡಿಸಿದೆವು. ಮಾತಾಡಿದ್ದು 60,000, ಕೈಗೆ ಬಂದಿದ್ದು 54,000. ಮೋಸ ಆಯಿತು ಅಂತ ಕೂಗಾಡಲು ಹೊರಟಿದ್ದೆವು, 10 ಪರ್ಸೆಂಟ್ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದಿದ್ದರು ಅಷ್ಟೇ. ದುಡ್ಡು ಹೋಗಿದ್ದು ಗಿಟಾರಿನವನ ಖಾತೆಗೆ, ಆದ್ದರಿಂದ ಟಿಡಿಎಸ್ಸೂ ಅವನ ಪ್ಯಾನ್ ಮೇಲೆ. 26ಎಎಸ್ ಅನ್ನುವ ಫಾರಂನಲ್ಲಿ ಅದು ಕಾಣಿಸಿತು, ರಿಟರ್ನ್ಸ್ ಫೈಲ್ ಮಾಡಿದರೆ, ತೆರಿಗೆ ಅಷ್ಟು ಬರದಿದ್ದರೆ ವಾಪಸ್ ಬರುತ್ತದೆ. ಅವನಿಗೆ ಆಗಸ್ಟಿನಲ್ಲಿ ಬಂತು. ಆದರೆ ಯಾರ ಖಾತೆಗೆ ಹಾಕಿಸಿಕೊಳ್ಳುತ್ತೀರೋ ಅವರ ಆದಾಯ ಅಂತಲೇ ಸರ್ಕಾರ ನೋಡುತ್ತದೆ. ಇದನ್ನು ಮೊದಲೇ ಮಾತಾಡಿಕೊಳ್ಳಿ.

ಹಾಗಾದರೆ ಪಾರ್ಟ್ನರ್‌ಶಿಪ್ ಮಾಡೋಣ, ಬ್ಯಾಂಡಿನ ಹೆಸರಲ್ಲೇ ಕರೆಂಟ್ ಅಕೌಂಟ್ ತೆಗೆಯೋಣ ಅಂತ ಹೊರಟೆವು. ಬ್ಯಾಂಕಿನಲ್ಲಿ ಕೇಳಿದ ಪಟ್ಟಿ: ಪಾರ್ಟ್ನರ್‌ಶಿಪ್ ಡೀಡ್, ಫರ್ಮಿನ ಹೆಸರಲ್ಲಿ ಪ್ಯಾನ್, ವಿಳಾಸದ ದಾಖಲೆ, ಮನೆ ಮಾಲೀಕರ ಒಪ್ಪಿಗೆ ಪತ್ರ, ಎಲ್ಲರ ಆಧಾರ್, ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ. (ಉದ್ಯಮ್ ನೋಂದಣಿ ಪೂರ್ತಿ ಉಚಿತ, ನೀವೇ ಮಾಡಿಕೊಳ್ಳಬಹುದು. ನಮ್ಮ ಹತ್ತಿರ ಒಬ್ಬ ಏಜೆಂಟ್ 1,500 ಕೇಳಿದ.) ಡ್ರಮ್ಮರ್ ಪರಿಚಯದ ಆಡಿಟರ್ ಒಬ್ಬರು ಎಲ್ಲ ಕೇಳಿಸಿಕೊಂಡು ನಕ್ಕರು. ಫರ್ಮ್ ಮಾಡಿದರೆ ಒಂದು ರೂಪಾಯಿ ಆದಾಯ ಇಲ್ಲದಿದ್ದರೂ ಪ್ರತಿ ವರ್ಷ ರಿಟರ್ನ್ಸ್ ಹಾಕಬೇಕು, ಲಾಭ ಬಂದರೆ ಮೊದಲ ರೂಪಾಯಿಯಿಂದಲೇ 30 ಪರ್ಸೆಂಟ್ ತೆರಿಗೆ. "ಮೊದಲು ಹಾಡು ಮಾಡ್ರಪ್ಪ. ಸದ್ಯಕ್ಕೆ ಒಬ್ಬರ ಹೆಸರಲ್ಲಿ ಬೇರೆ ಖಾತೆ ತೆಗೀರಿ, ಯಾರಿಗೆ ಎಷ್ಟು ಅಂತ ಛಾಪಾ ಕಾಗದದಲ್ಲಿ ಬರೆದುಕೊಳ್ಳಿ" ಅಂದರು. ಖಾತೆ ತೆಗೆದೆವು. ಛಾಪಾ ಕಾಗದ ಆಮೇಲೆ ಮಾಡೋಣ ಅಂದುಕೊಂಡೆವು. ಇಡೀ ಹದಿನಾರು ತಿಂಗಳಲ್ಲಿ ನಾವು ಮಾಡಿದ ದೊಡ್ಡ ತಪ್ಪು ಈ "ಆಮೇಲೆ".

ಫೆಬ್ರವರಿಯಲ್ಲಿ ಕೀಬೋರ್ಡಿನವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಹತ್ತು ದಿನದಲ್ಲಿ ಹೊರಟ. ಬೀಳ್ಕೊಡುಗೆ ದೋಸೆ ತಿಂದೆವು, ಹಾಡು ಮುಗಿಸಿ ಕಳಿಸ್ತೀವಿ ಅಂದೆವು. ಅವನ ಏಳು ಸ್ವರವನ್ನು ಗಿಟಾರೇ ನುಡಿಸುತ್ತಿತ್ತು, ಕೀಬೋರ್ಡ್ ಇಲ್ಲದಿದ್ದರೂ ನಡೆಯಿತು.

ಅದೇ ತಿಂಗಳ ಕೊನೆಗೆ ರೆಕಾರ್ಡಿಂಗ್. ಮೈಸೂರಿನ ಸ್ಟುಡಿಯೋಗಳಲ್ಲಿ ಹಾಡಿಗೆ, ಗಿಟಾರಿಗೆ ಏನೂ ಕೊರತೆ ಇಲ್ಲ. ಆದರೆ ಡ್ರಮ್ಮಿಗೂ ಕಂಸಾಳೆಗೂ ಒಟ್ಟಿಗೆ ಮೈಕ್ ಹಾಕುವಷ್ಟು ದೊಡ್ಡ ರೂಮು ನಮ್ಮ ಬಜೆಟ್ಟಿಗೆ ಸಿಗಲಿಲ್ಲ. ಬೆಂಗಳೂರಿನಲ್ಲಿ ಒಂದು ದಿನಕ್ಕೆ 14,000 ಕೊಟ್ಟು ಬುಕ್ ಮಾಡಿದೆವು. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್. ದಿನಾ ಓಡಾಡುವವರ ಗುಂಪಿನಲ್ಲಿ ಬೇಸ್ ಗಿಟಾರ್ ಚೀಲ ಹಿಡಿದು ನಿಲ್ಲುವುದು ಒಂದು ವಿದ್ಯೆ, ಅದನ್ನು ನಮಗೆ ಹೇಳಿಕೊಟ್ಟವಳು ಹಾಡುವವಳು. ಮಂಡ್ಯದಲ್ಲಿ ಅವಳು ಹತ್ತಿದಳು, ಮದ್ದೂರಿನಲ್ಲಿ ಮಾವ. ಕಂಸಾಳೆ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದರು. ಲಗೇಜ್ ಮೇಲಿಡಿ ಅಂದರೆ, "ಮಾದಪ್ಪನ್ನ ಅಟ್ಟಕ್ಕೆ ಆಕದಾ?" ಅಂದರು. ವಡೆಯವನು ಬಂದ, ಎಲ್ಲರಿಗೂ ಮಾವನೇ ಕೊಡಿಸಿದರು.

ಸ್ಟುಡಿಯೋದಲ್ಲಿ ಎರಡು ವಿಘ್ನ. ಒಂದು, ಕಂಸಾಳೆ ಇರುವ ಕಡೆ ಚಪ್ಪಲಿ ಹಾಕುವ ಹಾಗಿಲ್ಲ ಅಂದರು ಮಾವ. ಎಲ್ಲರೂ ಬಿಟ್ಟೆವು, ಎಂಜಿನಿಯರ್ ಕೂಡ. ಡ್ರಮ್ಮರ್ ಕಿಕ್ ಪೆಡಲನ್ನು ಶೂ ಹಾಕಿ ತುಳಿದು ಅಭ್ಯಾಸ ಮಾಡಿದವನು, ಬರಿಗಾಲಲ್ಲಿ ಹಿಡಿತ ಸಿಗದೆ ಮೊದಲ ಒಂದು ಗಂಟೆ ಒದ್ದಾಡಿದ. ಹಾಡಿನ ಎರಡನೇ ಚರಣದಲ್ಲಿ ಕಿಕ್ ಚೂರು ಮೆತ್ತಗಿದೆ, ಕಿವಿಯಿಟ್ಟು ಕೇಳಿದರೆ ಗೊತ್ತಾಗುತ್ತದೆ, ಅದು ಅವನ ಹಿಮ್ಮಡಿ.

ಎರಡನೆಯದು ಕ್ಲಿಕ್. ರೆಕಾರ್ಡಿಂಗಿನಲ್ಲಿ ಎಲ್ಲರೂ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಕೇಳಿಕೊಂಡು ಅದರ ಲಯಕ್ಕೆ ನುಡಿಸಬೇಕು, ಆಮೇಲೆ ಒಂದೊಂದೇ ಪದರ ಸೇರಿಸಲು ಸುಲಭ. ಮಾವನ ತಲೆಗೆ ಹೆಡ್‌ಫೋನ್ ಹಾಕಿದೆವು. ನಾಲ್ಕು ಸಲ ಹೊಡೆದು ಕಿತ್ತಿಟ್ಟರು. "ಅಯ್ಯೋ ಬುಡ್ಲಾ ಮಗ, ಈ ಟಿಕ್ಕು ಟಿಕ್ಕು ಕೇಳ್ಕಂಡು ಎಂಗ್ ಹೊಡಿಯದು? ಪದ ಏರ್ತಾ ಏರ್ತಾ ಕೈಯೂ ಏರ್‍ಬೇಕು ಕಣಪ್ಪ." ನಿಜ, ಕಂಸಾಳೆ ಮೇಳ ನೋಡಿದವರಿಗೆ ಗೊತ್ತು, ನಿಧಾನ ಶುರುವಾಗಿ ಕೊನೆಗೆ ಓಡುತ್ತದೆ. ಎಂಜಿನಿಯರ್ ತಲೆ ಕೆರೆದುಕೊಂಡು, ಕ್ಲಿಕ್ ಬೇಡ, ನೀವು ಮೂವರೂ ಒಂದೇ ರೂಮಿನಲ್ಲಿ ಮಾವನ ಮುಖ ನೋಡಿಕೊಂಡು ನುಡಿಸಿ ಅಂದರು. ಡ್ರಮ್, ಬೇಸ್, ಕಂಸಾಳೆ ಒಟ್ಟಿಗೆ. ಯಾರೊಬ್ಬರು ತಪ್ಪಿದರೂ ಮೊದಲಿಂದ. ಹನ್ನೊಂದನೇ ಟೇಕ್ ಇಟ್ಟುಕೊಂಡೆವು. ಹಾಡು ಶುರುವಾದಾಗಿನದಕ್ಕಿಂತ ಮುಗಿಯುವಾಗ ಸಾಕಷ್ಟು ಜೋರಾಗಿ ಓಡುತ್ತದೆ. ಮುಂದೆ ಗಿಟಾರಿನವನು ಮೈಸೂರಲ್ಲಿ ತನ್ನ ಭಾಗ ಸೇರಿಸುವಾಗ ಇದಕ್ಕೇ ನಮ್ಮೆಲ್ಲರನ್ನೂ ಬೈದ. ಜಾನಪದ ವಾದ್ಯ ಸೇರಿಸುವವರು ಇದನ್ನು ಮೊದಲೇ ಯೋಚಿಸಿಕೊಳ್ಳಿ: ಕ್ಲಿಕ್ ಬಿಟ್ಟರೆ ಕತ್ತರಿಸಿ ಅಂಟಿಸುವುದು ಹೆಚ್ಚುಕಡಿಮೆ ಆಗುವುದೇ ಇಲ್ಲ.

ಮಾರ್ಚ್, ಏಪ್ರಿಲ್ ಮೈಸೂರಲ್ಲಿ ಹಾಡು, ಗಿಟಾರು, 16 ಗಂಟೆ. ಮೇನಲ್ಲಿ ಮಿಕ್ಸಿಂಗ್ (ಎಲ್ಲ ಪದರಗಳ ಸದ್ದನ್ನು ಹದ ಮಾಡಿ ಕೂಡಿಸುವುದು), ಮಾಸ್ಟರಿಂಗ್ (ಬಿಡುಗಡೆಗೆ ಮುಂಚಿನ ಕೊನೇ ಹದ). ಮಿಕ್ಸ್ ಕೇಳುವಾಗ ಕಾರು, ಅಗ್ಗದ ಇಯರ್‌ಫೋನು, ಅಮ್ಮನ ಫೋನು ಮೂರರಲ್ಲೂ ಕೇಳಿ. ಅಮ್ಮನ ಫೋನಿನಲ್ಲಿ ನನ್ನ ಬೇಸು ಇರಲೇ ಇಲ್ಲ.

ಈಗ ಕಾಗದದ ಕಥೆ. ಒಂದು ಹಾಡು ಅಂದರೆ ಕಾನೂನಿನ ಕಣ್ಣಿಗೆ ಮೂರು ವಸ್ತು. ಮಾತು ಒಂದು, ಟ್ಯೂನ್ ಒಂದು, ರೆಕಾರ್ಡಿಂಗ್ ಇನ್ನೊಂದು. ಕಾಪಿರೈಟ್ ಆಫೀಸಿನ ವೆಬ್‌ಸೈಟಿನಲ್ಲಿ ಫಾರಂ 14 ತುಂಬಬೇಕು. ಮಾತಿಗೆ 500, ಟ್ಯೂನಿಗೆ 500, ರೆಕಾರ್ಡಿಂಗಿಗೆ 2,000 ರೂಪಾಯಿ ಶುಲ್ಕ. ನೋಂದಣಿ ಕಡ್ಡಾಯ ಅಲ್ಲ, ಹಾಡು ಮಾಡಿದ ಕ್ಷಣವೇ ಹಕ್ಕು ನಿಮ್ಮದು. ಆದರೂ ನಾಳೆ ಜಗಳ ಬಂದರೆ ಕೈಯಲ್ಲಿ ಕಾಗದ ಇರಲಿ ಅಂತ ವಕೀಲ ಅಕ್ಕ ಹೇಳಿದರು. ನಾವು ಮೊದಲ ಎರಡನ್ನೇ ಹಾಕಿದ್ದು. ಅರ್ಜಿ ಹಾಕಿದರೆ ಡೈರಿ ನಂಬರ್ ಬರುತ್ತದೆ, ಆಮೇಲೆ ಯಾರಾದರೂ ಆಕ್ಷೇಪ ಎತ್ತುತ್ತಾರಾ ಅಂತ 30 ದಿನ ಕಾಯುತ್ತಾರೆ, ಪರಿಶೀಲನೆ ಅದರ ನಂತರವೇ.

ಒಬ್ಬರಿಗಿಂತ ಹೆಚ್ಚು ಜನ ಸೇರಿ ಮಾಡಿದ್ದರೆ ಮಿಕ್ಕವರ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ಬೇಕು. ಟ್ಯೂನಿನ ಕೆಳಗೆ ಕೀಬೋರ್ಡಿನವನ ಹೆಸರು ಹಾಕಲೇಬೇಕು, ಆ ಏಳು ಸ್ವರ ಅವನದ್ದು. ಫಾರಂ ಕಳಿಸಿದೆ, ಸಹಿ ಹಾಕಿ ಸ್ಕ್ಯಾನ್ ಮಾಡಿ ಕಳಿಸೋ ಅಂದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಒಂದು ವಾರ. ಎರಡು ವಾರ. ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದೀನಿ ಅಂತ ಮೆಸೇಜು. ಗಿಟಾರಿನವನಿಗೆ ಸಿಟ್ಟು ಬಂತು, "ಅವನ ತುಣುಕು ತೆಗೆದು ಬೇರೆ ನುಡಿಸೋಣ" ಅಂದ. ಒಂದು ರಾತ್ರಿ ಪ್ರಯತ್ನವೂ ಮಾಡಿದ. ಆ ಏಳು ಸ್ವರ ತೆಗೆದರೆ ಹಾಡೇ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳಲಿಲ್ಲ ಅಷ್ಟೇ. ಆ ಆರು ವಾರ ನಾವು ಒಂದು ದಿನವೂ ಪ್ರಾಕ್ಟೀಸ್ ಮಾಡಲಿಲ್ಲ. ಬ್ಯಾಂಡ್ ಮುಗಿಯಿತು ಅಂತಲೇ ನಾನು ಅಂದುಕೊಂಡಿದ್ದೆ, ಬೇಸ್ ಗಿಟಾರನ್ನು ಮಾರಲು ಫೋಟೋ ಕೂಡ ತೆಗೆದಿದ್ದೆ.

ಕೊನೆಗೆ ಹಾಡುವವಳು ಫೋನ್ ಮಾಡಿದಳು. ಅವನು ಅವಳ ಹತ್ತಿರ ಹೇಳಿದ್ದು ಇಷ್ಟು: "ಬೆಂಗಳೂರಿನ ಫೋಟೋ ಹಾಕಿದ್ರಿ, ಎಲ್ಲರ ಹೆಸರು ಹಾಕಿದ್ರಿ. ನನ್ನ ಹೆಸರು ಎಲ್ಲಿತ್ತು? ಎನ್‌ಒಸಿ ಬೇಕಾದಾಗ ಮಾತ್ರ ನನ್ನ ನೆನಪಾಯ್ತಲ್ವಾ?" ಫೋಟೋ ಹಾಕಿದವನು ನಾನು. ಅವನನ್ನು ಬಿಟ್ಟಿದ್ದು ಬೇಕಂತ ಅಲ್ಲ, ಆ ದಿನ ಅವನು ಇರಲಿಲ್ಲ ಅಂತ. ಹಾಗಂತ ಹೇಳಿದರೆ ಸಮಜಾಯಿಷಿ ಆಗುತ್ತದೆ, ಕ್ಷಮೆ ಆಗುವುದಿಲ್ಲ. ಆಷಾಢ ಶುಕ್ರವಾರಕ್ಕೆ ಅವನು ಊರಿಗೆ ಬಂದಿದ್ದ, ಅಮ್ಮನ ಜೊತೆ ಸಾವಿರ ಮೆಟ್ಟಿಲು ಹತ್ತಿ ಇಳಿದು ಬಂದ. ಬೆಟ್ಟದ ಪಾದದಲ್ಲಿ ನಾನು ಫಾರಂ ಹಿಡಿದು ಕಾಯುತ್ತಿದ್ದೆ. ತಪ್ಪಾಯ್ತು ಕಣೋ ಅಂದೆ. ಅವನು ಏನೂ ಹೇಳದೆ ನನ್ನ ಬೆನ್ನಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದ. ಬೆವರಿಗೆ ಇಂಕು ಹರಡಿ ಮತ್ತೊಂದು ಪ್ರತಿ ಹಾಕಬೇಕಾಯಿತು. ಪುಣ್ಯಕ್ಕೆ ಮೂರು ಪ್ರಿಂಟ್ ತಂದಿದ್ದೆ. ಅವನ ಅಮ್ಮ ಇಬ್ಬರಿಗೂ ಕುಂಕುಮ ಇಟ್ಟು, "ಎಲ್ಲ ಕೆಲಸಾನೂ ವಾಟ್ಸಾಪಲ್ಲೇ ಮಾಡ್ತೀರಲ್ರೋ" ಅಂದರು.

ಮುಂದಿನ ವಾರವೇ ವಕೀಲ ಅಕ್ಕನ ಮನೆಯಲ್ಲಿ ಕೂತು ಛಾಪಾ ಕಾಗದದ ಕೆಲಸ ಮುಗಿಸಿದೆವು. ಆರು ಜನ, ಸಮ ಪಾಲು, ಮಾವನಿಗೂ ಸೇರಿ. ಬಿಟ್ಟು ಹೋದವರಿಗೆ ಹಳೇ ಹಾಡಿನ ಪಾಲು ಹಾಗೇ ಇರುತ್ತದೆ, ಹೊಸ ಹಾಡಿಗೆ ಇಲ್ಲ. ಒಂದೂವರೆ ಪುಟ. ಇದನ್ನು ಅಕ್ಟೋಬರಿನ ಆ ಎರಡನೇ ಸಂಜೆಯೇ, ಹಾಡು ಚೆನ್ನಾಗಿದೆಯೋ ಇಲ್ಲವೋ ಅಂತ ಯಾರಿಗೂ ಗೊತ್ತಿಲ್ಲದಾಗ ಬರೆದಿದ್ದರೆ ಹತ್ತು ನಿಮಿಷದ ಕೆಲಸ.

ಹಾಡನ್ನು ಸ್ಪಾಟಿಫೈ, ಜಿಯೋಸಾವನ್, ಆಪಲ್ ಮ್ಯೂಸಿಕ್‌ಗಳಿಗೆ ನೇರ ಕೊಡಲಾಗುವುದಿಲ್ಲ, ಮಧ್ಯ ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು. ವರ್ಷಕ್ಕೆ 1,800 ಕೊಟ್ಟೆವು. ರೆಕಾರ್ಡಿಂಗನ್ನು ಗುರುತಿಸುವ ಐಎಸ್‌ಆರ್‌ಸಿ ಅನ್ನುವ 12 ಅಕ್ಷರದ ಕೋಡ್ ಅವರೇ ಕೊಡುತ್ತಾರೆ, ಅದಕ್ಕೆ ಬೇರೆ ದುಡ್ಡು ಕೊಡಬೇಡಿ. ಹಾಡು ವೇವ್ ಫೈಲ್ ಇರಲಿ, ಕವರ್ ಚಿತ್ರ 3000ಕ್ಕೆ 3000 ಪಿಕ್ಸೆಲ್, ಅದರ ಮೇಲೆ ಇನ್‌ಸ್ಟಾ ಹೆಸರು, ಫೋನ್ ನಂಬರ್ ಹಾಕಿದರೆ ವಾಪಸ್ ಬರುತ್ತದೆ, ನಮ್ಮದು ಒಂದು ಸಲ ಬಂತು. ಡಿಸ್ಟ್ರಿಬ್ಯೂಟರ್ ಅಮೆರಿಕದವರಾದರೆ ಡಬ್ಲ್ಯೂ-8 ಬೆನ್ ಅನ್ನುವ ತೆರಿಗೆ ಫಾರಂ ಕೇಳುತ್ತಾರೆ. ಪ್ಯಾನ್ ನಂಬರ್ ಹಾಕಿ ತುಂಬಿದರೆ ಅಲ್ಲಿನ ಗಳಿಕೆ ಮೇಲೆ 30ರ ಬದಲು 15 ಪರ್ಸೆಂಟ್ ಹಿಡಿಯುತ್ತಾರೆ. ಬಿಡುಗಡೆಗೆ ಮೂರು ನಾಲ್ಕು ವಾರ ಮೊದಲೇ ಅಪ್‌ಲೋಡ್ ಮಾಡಿ. ನಾವು ಆಗಸ್ಟ್ ಕೊನೆಗೆ ಮಾಡಿದರೂ ಬಿಡುಗಡೆ ದಿನ ನೋಡಿದರೆ, ನಮ್ಮದೇ ಹೆಸರಿನ ಬೇರೆ ಯಾವುದೋ ದೇಶದ ಗಾಯಕನೊಬ್ಬನ ಪುಟದಲ್ಲಿ ನಮ್ಮ ಹಾಡು ಕೂತಿದೆ. ಗಡ್ಡದ ಮನುಷ್ಯ, ಕೈಯಲ್ಲಿ ಅಕಾರ್ಡಿಯನ್. ಅವನ ಅಭಿಮಾನಿಗಳು ಮಾದಪ್ಪನ ಪದ ಕೇಳಿ ಏನಂದುಕೊಂಡರೋ. ಬೇರೆ ಪುಟ ಮಾಡಿಸಲು ಒಂಬತ್ತು ದಿನ ಹಿಡಿಯಿತು. ಹೆಸರಿಡುವ ಮುಂಚೆ ಎಲ್ಲ ಕಡೆ ಹುಡುಕಿ ನೋಡಿ. ಟ್ರೇಡ್‌ಮಾರ್ಕ್ ಹುಡುಕಾಟ ಸರ್ಕಾರಿ ವೆಬ್‌ಸೈಟಿನಲ್ಲಿ ಉಚಿತ. ಹೆಸರು ನೋಂದಾಯಿಸಲು ಒಬ್ಬ ವ್ಯಕ್ತಿಯ ಹೆಸರಲ್ಲಿ ಆನ್‌ಲೈನ್ ಅರ್ಜಿಗೆ 4,500 ರೂಪಾಯಿ, ಅದನ್ನು ನಾವಿನ್ನೂ ಮಾಡಿಲ್ಲ.

ಇದು ಮುಗಿಯುವಷ್ಟರಲ್ಲಿ ಯೂಟ್ಯೂಬಿನಿಂದ ಕ್ಲೇಮ್ ಬಂತು. ಮಾದಪ್ಪನ ಸಾಲು ತಮ್ಮದು ಅಂತ ಒಂದು ಆಡಿಯೋ ಕಂಪನಿ. ಅವರು ಅದೇ ಪದವನ್ನು ಯಾವಾಗಲೋ ರೆಕಾರ್ಡ್ ಮಾಡಿದ್ದಾರೆ. ಅವರ ರೆಕಾರ್ಡಿಂಗ್ ಅವರದ್ದು, ಸರಿ, ಪದ ಅವರದ್ದು ಹೇಗಾಗುತ್ತದೆ? ಮಾವನಿಗೆ ಹೇಳಿದರೆ, "ಮಾದಪ್ಪಂಗೂ ಓನರ್ ಬಂದ್ರಾ?" ಅಂತ ನಗು. ಡಿಸ್‌ಪ್ಯೂಟ್ ಹಾಕಿದೆವು: ಇದು ಸಾಂಪ್ರದಾಯಿಕ ಪದ, ರೆಕಾರ್ಡಿಂಗ್ ನಮ್ಮದೇ, ಇಂಥವರು ಇಂಥ ಕಡೆ ನುಡಿಸಿದ್ದು ಅಂತ. ಉತ್ತರ ಕೊಡಲು ಅವರಿಗೆ 30 ದಿನ ಸಮಯ ಇರುತ್ತದೆ. ಹತ್ತೊಂಬತ್ತನೇ ದಿನ ಬಿಟ್ಟುಕೊಟ್ಟರು. ಸ್ಟುಡಿಯೋದಲ್ಲಿ ತೆಗೆದ ಫೋನ್ ವಿಡಿಯೋ, ಬಿಲ್ಲು ಯಾವುದನ್ನೂ ಅಳಿಸಬೇಡಿ.

ಒಟ್ಟು ಖರ್ಚು, ಜ್ಯಾಮ್ ರೂಮಿಗೆ 21,700, ಬೆಂಗಳೂರಿನ ದಿನಕ್ಕೆ 14,000, ಮೈಸೂರಿನ ಸ್ಟುಡಿಯೋಗೆ 11,200, ಮಿಕ್ಸಿಂಗಿಗೆ 12,000, ಮಾಸ್ಟರಿಂಗಿಗೆ 3,000, ಮಾವನಿಗೆ ಗೌರವಧನ 5,000, ಕವರ್ ಚಿತ್ರಕ್ಕೆ 2,500, ಡಿಸ್ಟ್ರಿಬ್ಯೂಟರಿಗೆ 1,800, ಛಾಪಾ ಕಾಗದ ನೋಟರಿ ಎಲ್ಲ ಸೇರಿ 1,500, ಕಾಪಿರೈಟಿಗೆ 1,000. ಅಂದರೆ 73,700. ಆ 54,000 ಹೋಗಿ ಮಿಕ್ಕಿದ್ದನ್ನು ನಾವು ನಾಲ್ವರು ಹಾಕಿಕೊಂಡೆವು. ಟೀ, ಬೋಂಡ, ಆಟೋ ಲೆಕ್ಕ ಇಟ್ಟಿಲ್ಲ, ಇಟ್ಟರೆ ಮನೆಯಲ್ಲಿ ಕಷ್ಟ.

ಮೊನ್ನೆ ಮೊದಲ ಮೂರು ತಿಂಗಳ ಲೆಕ್ಕ ಬಂತು. ಎಲ್ಲ ಕಡೆಯಿಂದ ಸೇರಿ 258 ರೂಪಾಯಿ. ಡಿಸ್ಟ್ರಿಬ್ಯೂಟರ್ ಇಷ್ಟು ಚಿಕ್ಕ ಮೊತ್ತ ಕಳಿಸುವುದಿಲ್ಲ, ಇನ್ನೂ ಸೇರಬೇಕು. ಆದರೆ ಕಾಗದದಲ್ಲಿ ಬರೆದಿದ್ದೀವಲ್ಲ, ಆಮೇಲೆ ಅನ್ನುವುದು ಬೇಡ ಅಂತ ನನ್ನ ಜೇಬಿನಿಂದಲೇ ಆರು ಪಾಲು ಮಾಡಿ ಐದು ಜನಕ್ಕೂ ಫೋನ್‌ಪೇ ಮಾಡಿದೆ. ಪುಣೆಯಿಂದ ಒಂದು ನಗುವ ಮುಖ ಬಂತು. ಮಾವ ಹತ್ತೇ ನಿಮಿಷದಲ್ಲಿ ಫೋನ್ ಮಾಡಿದರು.

"ಏನ್ಲಾ ಮಗ, ನಲವತ್ತಮೂರು ರೂಪಾಯಿ ಬಂದದೆ, ಯಾವ್ದಿದು?"

"ಹಾಡಿನ ದುಡ್ಡು ಮಾವ, ನಿಮ್ಮ ಪಾಲು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಯಾರೋ ಎಮ್ಮೆ ಹೊಡೆದುಕೊಂಡು ಹೋಗುವ ಸದ್ದು.

"ಸರಿ ಬುಡು, ಬೆಟ್ಟಕ್ಕೋದಾಗ ಹುಂಡಿಗ್ ಆಕ್ತೀನಿ. ಮುಂದಿನ್ ಪದ ಯಾವಾಗ?"